ಬಾನುಲಿ ಪೆಟ್ಟಿಗೆಯ ಒಳಗುಟ್ಟು



ಈ ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸುವುದು ಮೇಲು. ಮುಂಬಯಿಯ ಒಂದು ಚಾಳಿನ ಕೋಣೆಯಲ್ಲಿ ರಾತ್ರಿಯ ಹೊತ್ತು ಹಳೆಯ ಕಾಲದ ವಾಲ್ವು ರೇಡಿಯೋವೊಂದನ್ನು ಹಚ್ಚಿದ್ದಾರೆಂದು ಭಾವಿಸಿರಿ. ಆ ಕ್ಷಣದಲ್ಲಿ ಅದರ ಏರಿಯಲ್ ತಂತಿಗೆ ಹಲವಾರು ನಿಲ್ದಾಣಗಳ ಅಲೆಗಳು ಏಕಕಾಲಕ್ಕೆ ಬಂದು ತಾಕುತ್ತಿರುತ್ತವೆ. ಊರೊಳಗಿನ ನಿಲ್ದಾಣದ ಅಲೆ ಬಲವಾದುದು. ಧಾರವಾಡದಿಂದ ಸುಮಾರು 460 ಕಿಲೋಮೀಟರ್ ಆಕಾಶಮಾರ್ಗವಾಗಿ ಬಂದ ಅಲೆ ಅದಕ್ಕಿಂತ ನೂರಾರು ಪಟ್ಟು ಕ್ಷೀಣವಾದುದು. ಹೀಗಿದ್ದೂ ಮನೆಯ ಹಿರಿಯರು ಗುಂಡಿಯನ್ನು ನವಿರಾಗಿ ತಿರುಗಿಸಿ, ಆ ಗದ್ದಲವನ್ನೆಲ್ಲ ಬದಿಗೆ ಸರಿಸಿ, ಕನ್ನಡದ ಆ ಒಂದು ದನಿಯನ್ನೇ ಹೆಕ್ಕಿ ತೆಗೆಯುತ್ತಿದ್ದರು. ತವರಿನಿಂದ ದೂರ ಬಂದು ದುಡಿಯುತ್ತಿದ್ದವರಿಗೆ ಆ ದನಿ ಎಷ್ಟು ಬೇಕಾದುದಾಗಿತ್ತೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಅವರೇ ಹೇಳಿಯಾರು. ನಮ್ಮ ಪ್ರಶ್ನೆ ಬೇರೆ: ಬಲವಾದ ದನಿಗಳ ನಡುವೆ ಅಡಗಿದ್ದ ಆ ಕ್ಷೀಣ ದನಿಯನ್ನು ಪೆಟ್ಟಿಗೆಯು ಗುರುತಿಸುತ್ತಿದ್ದುದು ಹೇಗೆ?

ಇಂದು ಉಗುರಿನಷ್ಟು ಚಿಕ್ಕದಾದ ಬಿಲ್ಲೆಯೊಂದು ಈ ಕೆಲಸವನ್ನೆಲ್ಲ ಮಾಡಿಬಿಡುತ್ತದೆ. ಆದರೆ ಅದನ್ನು ಬಿಚ್ಚಿ ನೋಡಿದರೂ ಕಣ್ಣಿಗೆ ಏನೂ ಕಾಣದು. ಹಳೆಯ ರೇಡಿಯೋ ಹಾಗಲ್ಲ. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಅಂಗವುಂಟು. ಆ ಅಂಗವನ್ನು ಬೆರಳಿಟ್ಟು ತೋರಿಸಬಹುದು. ಆದುದರಿಂದಲೇ ವಿಜ್ಞಾನದ ವಿದ್ಯಾರ್ಥಿಗೆ ಅದು ತೆರೆದ ಪುಸ್ತಕದಂತೆ. ಆ ಪೆಟ್ಟಿಗೆಯು ಮಾಡುವ ಕೆಲಸಗಳು ಮುಖ್ಯವಾಗಿ ನಾಲ್ಕು: ಅಲೆಯನ್ನು ಹಿಡಿಯುವುದು, ಬೇಕಾದುದನ್ನು ಆರಿಸುವುದು, ಆರಿಸಿದುದನ್ನು ಹಿಗ್ಗಿಸುವುದು, ಅಲೆಯಿಂದ ಮಾತನ್ನು ಬಿಡಿಸುವುದು. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ಅಲೆಯ ಪರಿಚಯ

ವಿದ್ಯುತ್ತೂ ಕಾಂತತ್ವವೂ ಕೂಡಿದ ಅಲೆಗಳು ಬೆಳಕಿನ ವೇಗದಿಂದ ಚಲಿಸಬಲ್ಲವೆಂಬುದನ್ನು 1865ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದನು. 1887-88ರಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಸ್ ಎಂಬ ವಿಜ್ಞಾನಿ ಅಂತಹ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಿ, ದೂರದಲ್ಲಿ ಹಿಡಿದು ತೋರಿಸಿದನು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳನ್ನು ದಾಟಿ ಹೋದ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಸಿಡಿಸಿ ನೆರೆದವರನ್ನು ಬೆರಗುಗೊಳಿಸಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತವನ್ನು ಕಳುಹಿದನು.

ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್. ಒಂದು ಸೆಕೆಂಡಿನಲ್ಲಿ ಅಲೆಯು ಎಷ್ಟು ಸಲ ಏರಿ ಇಳಿಯುವುದೋ ಆ ಸಂಖ್ಯೆಗೆ ಕಂಪನ ಸಂಖ್ಯೆಯೆಂದು ಹೆಸರು. ಸೆಕೆಂಡಿಗೆ ಸಾವಿರ ಕಂಪನಗಳಾದರೆ ಒಂದು ಕಿಲೋಹರ್ಟ್ಸ್. ಹಳೆಯ ರೇಡಿಯೋಗಳ ಗಾಜಿನ ಪಟ್ಟಿಯ ಮೇಲೆ ಇದನ್ನೇ ಕಿಲೋಸೈಕಲ್ ಎಂದು ಬರೆದಿರುತ್ತಾರೆ. ವೇಗವನ್ನು ಕಂಪನ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ಧಾರವಾಡದ ಆಕಾಶವಾಣಿಯು ಬಹುಕಾಲದಿಂದ 765 ಕಿಲೋಹರ್ಟ್ಸಿನಲ್ಲಿ ಪ್ರಸಾರ ಮಾಡಿದ ನಿಲ್ದಾಣ. 3,00,000ವನ್ನು 765ರಿಂದ ಭಾಗಿಸಿರಿ. ಅಲೆಯ ಉದ್ದ ಸುಮಾರು 392 ಮೀಟರ್ ಎಂದು ತಿಳಿಯುವುದು. ಡಯಲಿನ ಮೇಲೆ ಮೀಟರ್ ಎಂದು ಬರೆದಿರುವ ಅಂಕಿಗಳ ಅರ್ಥ ಇದೇ.

ಅಲೆಯ ಮೇಲೇರಿದ ಮಾತು

ನಮ್ಮ ಕಿವಿಗೆ ಕೇಳಿಸುವ ದನಿಯ ಕಂಪನಗಳು ಸೆಕೆಂಡಿಗೆ 20ರಿಂದ 20,000ದವರೆಗೆ ಇರುತ್ತವೆ. ಇಷ್ಟು ಮಂದವಾದ ವಿದ್ಯುತ್ ಕಂಪನಗಳನ್ನು ತಂತಿಯೊಂದರಿಂದ ಆಕಾಶಕ್ಕೆ ಹರಡಬೇಕಾದರೆ ಆ ತಂತಿಯು ಹಲವಾರು ಕಿಲೋಮೀಟರ್ ಉದ್ದವಿರಬೇಕಾಗುತ್ತದೆ. ಅಲ್ಲದೆ ಎಲ್ಲ ನಿಲ್ದಾಣಗಳ ಮಾತೂ ಒಂದೇ ಕಂಪನಗಳಲ್ಲಿ ಕಲಸಿಹೋಗುತ್ತದೆ. ಆದುದರಿಂದ ಮಾತಿಗೆ ಒಂದು ವಾಹನ ಬೇಕು. ತುಂಬಿದ ಹೊಳೆಯನ್ನು ದಾಟುವ ಪ್ರಯಾಣಿಕನು ದೋಣಿಯನ್ನು ಏರುವಂತೆ, ಮಾತು ಅತಿ ವೇಗದ ಅಲೆಯೊಂದನ್ನು ಏರುತ್ತದೆ. ಈ ಅಲೆಗೆ ವಾಹಕ ಅಲೆಯೆಂದು ಹೆಸರು.

ಏರುವ ರೀತಿ ಹೀಗೆ: ಸ್ಟುಡಿಯೋದಲ್ಲಿ ಹಾಡುವವರ ದನಿ ಜೋರಾದಾಗ ವಾಹಕ ಅಲೆಯ ಎತ್ತರ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಅಲೆಯ ಎತ್ತರಕ್ಕೆ ಪಾಠಪುಸ್ತಕಗಳಲ್ಲಿ ಪಾರವೆಂದು ಹೆಸರು. ವಾಹಕದ ಕಂಪನ ಸಂಖ್ಯೆ 765 ಕಿಲೋಹರ್ಟ್ಸೇ ಆಗಿರುತ್ತದೆ. ಅದರ ಪಾರದ ಏರಿಳಿತದಲ್ಲಿ ಮಾತಿನ ಆಕಾರ ಅಚ್ಚೊತ್ತಿರುತ್ತದೆ. ಮಧ್ಯಮ ಅಲೆಯ ಪ್ರಸಾರವೆಲ್ಲ ಈ ಕ್ರಮದ್ದೇ. ಹೊಳೆ ದಾಟಿದ ಮೇಲೆ ಪ್ರಯಾಣಿಕನನ್ನು ದೋಣಿಯಿಂದ ಇಳಿಸಿಕೊಳ್ಳಬೇಕಲ್ಲವೆ? ಆ ಇಳಿಸುವ ಕೆಲಸ ರೇಡಿಯೋವಿಗೆ ಸೇರಿದ್ದು.

ಹರಳಿನ ರೇಡಿಯೋ

ಮೊದಲು ಅತ್ಯಂತ ಸರಳವಾದ ಯಂತ್ರವನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಂದು ಏರಿಯಲ್ ತಂತಿ, ನೆಲಕ್ಕೆ ಸೇರಿಸಿದ ಒಂದು ತಂತಿ, ತಾಮ್ರದ ಒಂದು ಸುರುಳಿ, ಒಂದು ಕಂಡೆನ್ಸರ್, ಒಂದು ಹರಳು, ಕಿವಿಗಿಟ್ಟುಕೊಳ್ಳುವ ಒಂದು ಶ್ರವಣಯಂತ್ರ ಇಷ್ಟೇ ಇರುತ್ತವೆ. ಬ್ಯಾಟರಿಯೂ ಬೇಡ, ವಿದ್ಯುತ್ ಸಂಪರ್ಕವೂ ಬೇಡ. ಅಲೆಯೇ ಹೊತ್ತು ತಂದ ಅತ್ಯಲ್ಪ ಶಕ್ತಿಯಿಂದ ಅದು ಮಾತಾಡುತ್ತದೆ.

ಇದರಲ್ಲಿ ಹರಳಿನ ಕೆಲಸವನ್ನು ಚೆನ್ನಾಗಿ ಗಮನಿಸಿರಿ. ಏರಿಯಲ್ಲಿನಲ್ಲಿ ಉಂಟಾದ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಸಲ ಅತ್ತ ಇತ್ತ ಹರಿಯುತ್ತದೆ. ಅದನ್ನು ನೇರವಾಗಿ ಶ್ರವಣಯಂತ್ರಕ್ಕೆ ಕೊಟ್ಟರೆ ಅದರ ತೆಳುತಗಡು ಮುಂದಕ್ಕೆ ಎಷ್ಟು ನೂಕಲ್ಪಡುವುದೋ ಹಿಂದಕ್ಕೂ ಅಷ್ಟೇ ನೂಕಲ್ಪಟ್ಟು, ಒಟ್ಟಿನಲ್ಲಿ ಕದಲದೆಯೇ ಉಳಿಯುತ್ತದೆ. ಸೀಸದ ಅದಿರಿನ ಹರಳಿಗೆ ಸೂಜಿಯ ಮೊನೆಯನ್ನು ತಾಕಿಸಿದರೆ ವಿದ್ಯುತ್ತು ಒಂದೇ ದಿಕ್ಕಿಗೆ ಸುಲಭವಾಗಿ ಹರಿಯುತ್ತದೆ. ಆಗ ಅಲೆಯ ಕೆಳಗಿನ ಅರ್ಧ ಕತ್ತರಿಸಿಹೋಗಿ ಮೇಲಿನ ಅರ್ಧ ಮಾತ್ರ ಉಳಿಯುತ್ತದೆ. ತೆಳುತಗಡು ಲಕ್ಷಾಂತರ ಬಿಡಿ ಏಟುಗಳನ್ನು ಅನುಸರಿಸಲಾರದು. ಅವುಗಳ ಸರಾಸರಿ ಏರಿಳಿತವನ್ನು ಅನುಸರಿಸುತ್ತದೆ. ಆ ಏರಿಳಿತವೇ ಮಾತು! ಹೀಗೆ ಪ್ರಯಾಣಿಕನು ದೋಣಿಯಿಂದ ಇಳಿದನು. ಇಂತಹ ಹರಳಿನ ಶೋಧಕಕ್ಕಾಗಿ ನಮ್ಮ ಬೋಸರಿಗೆ 1904ರಲ್ಲಿ ಅಮೆರಿಕೆಯಲ್ಲಿ ಪೇಟೆಂಟ್ ದೊರಕಿತೆಂಬುದನ್ನು ನೀವು ನೆನಪಿನಲ್ಲಿಡಬೇಕು.

ಆದರೆ ಹರಳಿನ ರೇಡಿಯೋವಿಗೆ ಎರಡು ಕೊರತೆಗಳು. ಹತ್ತಿರದ ಬಲವಾದ ನಿಲ್ದಾಣವಲ್ಲದೆ ದೂರದ್ದು ಅದಕ್ಕೆ ಸಾಮಾನ್ಯವಾಗಿ ಕೇಳಿಸದು. ಮತ್ತು ಪಕ್ಕಪಕ್ಕದ ನಿಲ್ದಾಣಗಳನ್ನು ಅದು ಬೇರ್ಪಡಿಸಲಾರದು. ಧಾರವಾಡವನ್ನು ಹುಡುಕುವವನಿಗೆ ಅದು ಸಾಲದು.

ಆರಿಸುವ ಉಪಾಯ

ಉಯ್ಯಾಲೆಯನ್ನು ತೂಗಿದ ಅನುಭವ ಎಲ್ಲರಿಗೂ ಉಂಟು. ಅದರ ಲಯಕ್ಕೆ ಸರಿಯಾಗಿ ಕಿರುಬೆರಳಿನಿಂದ ನೂಕಿದರೂ ಅದು ಮೇಲೆ ಮೇಲೆ ಏರುತ್ತದೆ. ಲಯ ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿಯೇ ಮಿಡಿಯುವುದೂ ಇದೇ ಕಾರಣದಿಂದ. ಇದಕ್ಕೆ ಅನುರಣನವೆಂದು ಹೆಸರು.

ರೇಡಿಯೋವಿನಲ್ಲಿ ಉಯ್ಯಾಲೆಯ ಸ್ಥಾನದಲ್ಲಿ ಸುರುಳಿ ಮತ್ತು ಕಂಡೆನ್ಸರುಗಳ ಜೋಡಿ ಇರುತ್ತದೆ. ಕಂಡೆನ್ಸರಿನಲ್ಲಿ ತುಂಬಿದ ವಿದ್ಯುತ್ತು ಸುರುಳಿಯ ಮೂಲಕ ಹರಿದು, ಮತ್ತೆ ಕಂಡೆನ್ಸರನ್ನು ವಿರುದ್ಧವಾಗಿ ತುಂಬಿ, ಮತ್ತೆ ಹಿಂದಕ್ಕೆ ಹರಿದು, ಹೀಗೆ ತೂಗಾಡುತ್ತದೆ. ಈ ತೂಗಾಟಕ್ಕೆ ಅದರದೇ ಆದ ಲಯವುಂಟು. ಏರಿಯಲ್ಲಿಗೆ ಬಂದ ಅನೇಕ ಅಲೆಗಳಲ್ಲಿ ಈ ಲಯಕ್ಕೆ ಹೊಂದಿದ ಅಲೆಯೊಂದೇ ಬಲಗೊಳ್ಳುತ್ತದೆ, ಉಳಿದವು ಸೊರಗುತ್ತವೆ.

ಗುಂಡಿ ತಿರುಗಿಸಿದಾಗ ಒಳಗೆ ಅಲ್ಯೂಮಿನಿಯಂ ತಗಡುಗಳ ಒಂದು ಗುಂಪು ಇನ್ನೊಂದು ಗುಂಪಿನ ಸಂದುಗಳೊಳಗೆ, ತಾಕದಂತೆ, ಸರಿಯುತ್ತದೆ. ತಗಡುಗಳು ಪೂರ್ತಿ ಒಳಸೇರಿದಾಗ ಕಂಡೆನ್ಸರಿನ ಧಾರಣೆ ಹೆಚ್ಚು, ಲಯ ನಿಧಾನ; ಹೊರಬಂದಾಗ ಧಾರಣೆ ಕಡಿಮೆ, ಲಯ ಚುರುಕು. ಇಲ್ಲಿ ಒಂದು ಗಣಿತದ ಸ್ವಾರಸ್ಯವುಂಟು. ಲಯವು ಧಾರಣೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಮಧ್ಯಮ ಅಲೆಯ ಪಟ್ಟಿ ಸುಮಾರು 530ರಿಂದ 1600 ಕಿಲೋಹರ್ಟ್ಸಿನವರೆಗೆ, ಅಂದರೆ ಮೂರು ಪಟ್ಟು. ಆದುದರಿಂದ ಧಾರಣೆಯನ್ನು ಒಂಬತ್ತು ಪಟ್ಟು ಬದಲಿಸಬೇಕಾಗುತ್ತದೆ. ಹ್ರಸ್ವ ಅಲೆಗೆ ಹೋಗಬೇಕಾದರೆ ಸುರುಳಿಯನ್ನೇ ಬದಲಿಸಬೇಕು. ಬ್ಯಾಂಡ್ ಸ್ವಿಚ್ಚನ್ನು ತಿರುಗಿಸಿದಾಗ ಕಟಕ್ಕೆಂದು ಸದ್ದಾಗುವುದು ಈ ಬದಲಾವಣೆಯಿಂದಲೇ.

ವಾಲ್ವೆಂಬ ತೂಬು

ದೂರದ ಅಲೆಯು ಏರಿಯಲ್ಲಿನಲ್ಲಿ ಉಂಟುಮಾಡುವ ಒತ್ತಡ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಬಹಳ ಕಡಿಮೆ. ಅದನ್ನು ಹಿಗ್ಗಿಸುವ ಸಾಧನವೇ ವಾಲ್ವು. ಗಾಜಿನ ಕೊಳವೆಯೊಳಗಿನ ಗಾಳಿಯನ್ನು ಹೊರತೆಗೆದು ಅದರಲ್ಲಿ ಕ್ಯಾಥೋಡ್ ಎಂಬ ಕೊಳವಿಯನ್ನು ಇಟ್ಟಿರುತ್ತಾರೆ. ಅದರೊಳಗಿನ ಸಣ್ಣ ತಂತಿ ಕೆಂಪಗೆ ಕಾದಾಗ ಕ್ಯಾಥೋಡಿನ ಮೈಯಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಸುತ್ತಲೂ ಇರುವ ಆನೋಡಿಗೆ ಸುಮಾರು 250 ವೋಲ್ಟಿನ ಧನ ಒತ್ತಡ ಕೊಟ್ಟರೆ ಅವು ಅಲ್ಲಿಗೆ ಹರಿಯುತ್ತವೆ, ಹಿಂದಕ್ಕೆ ಹರಿಯಲಾರವು. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಈ ಎರಡಂಗದ ವಾಲ್ವನ್ನು ರಚಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರನೆಯ ಅಂಗವೊಂದನ್ನು ಸೇರಿಸಿದನು. ಮುಂದೆ ಅದು ಕ್ಯಾಥೋಡು ಆನೋಡುಗಳ ನಡುವೆ ನಿಲ್ಲುವ ತಂತಿಯ ಜಾಲರಿಯಾಯಿತು.

ಈ ಜಾಲರಿಯ ಮಹಿಮೆಯನ್ನು ನಮ್ಮ ಊರಿನ ಕೆರೆಯ ತೂಬಿಗೆ ಹೋಲಿಸಬಹುದು. ಕೆರೆಯ ತುಂಬ ನೀರು ನಿಂತಿದೆ. ನೀರುಗಂಟಿಯು ತೂಬನ್ನು ಎರಡು ಬೆರಳು ಎತ್ತಿದರೆ ಕಾಲುವೆಯಲ್ಲಿ ನೀರು ಭೋರ್ಗರೆಯುತ್ತದೆ, ಇಳಿಸಿದರೆ ಸಣ್ಣಗಾಗುತ್ತದೆ. ಹರಿಯುವ ನೀರಿನ ಬಲ ಕೆರೆಯದು, ನೀರುಗಂಟಿಯ ತೋಳಿನದಲ್ಲ. ಅವನದು ಹತೋಟಿ ಮಾತ್ರ. ಹಾಗೆಯೇ ಜಾಲರಿಯ ಮೇಲೆ ಬಂದ ಅತ್ಯಲ್ಪ ಒತ್ತಡವು ಕ್ಯಾಥೋಡಿನಿಂದ ಆನೋಡಿಗೆ ಹರಿಯುವ ದೊಡ್ಡ ಪ್ರವಾಹವನ್ನು ತನ್ನಂತೆಯೇ ಕುಣಿಸುತ್ತದೆ. ಹಿಗ್ಗುವಿಕೆಗೆ ಬೇಕಾದ ಶಕ್ತಿ ಗೋಡೆಯ ವಿದ್ಯುತ್ತಿನಿಂದ ಬರುತ್ತದೆ. ಅಲೆಯು ಅದಕ್ಕೆ ಆಕಾರವನ್ನಷ್ಟೇ ಕೊಡುತ್ತದೆ. ಹಚ್ಚಿದ ಕೂಡಲೇ ಹಳೆಯ ರೇಡಿಯೋ ಮಾತಾಡದೆ ಅರ್ಧ ನಿಮಿಷ ಸುಮ್ಮನಿರುವುದೇಕೆಂಬುದೂ ಈಗ ಸ್ಪಷ್ಟವಾಯಿತು. ಕ್ಯಾಥೋಡು ಕಾಯುವವರೆಗೆ ಎಲೆಕ್ಟ್ರಾನುಗಳಿಲ್ಲ!

1950ರ ದಶಕದ ಸಾಮಾನ್ಯ ಯಂತ್ರವೊಂದರಲ್ಲಿ ಐದು ವಾಲ್ವುಗಳಿರುತ್ತಿದ್ದವು. ಯೂರೋಪಿನ ಪದ್ಧತಿಯ ವಾಲ್ವುಗಳ ಮೇಲೆ ಬರೆದ ಅಕ್ಷರಗಳಿಗೆ ಅರ್ಥವಿದೆ. ಮೊದಲ ಅಕ್ಷರ 'ಇ' ಆದರೆ ಕಾಯುವ ತಂತಿಗೆ 6.3 ವೋಲ್ಟು ಬೇಕೆಂದು ತಿಳಿಯಬೇಕು. ಮುಂದಿನ ಅಕ್ಷರಗಳು ಒಳಗಿನ ರಚನೆಯನ್ನು ಹೇಳುತ್ತವೆ. ಇ.ಸಿ.ಎಚ್. 81, ಇ.ಎಫ್. 89, ಇ.ಬಿ.ಸಿ. 81, ಇ.ಎಲ್. 84, ಇ.ಜಡ್. 80 ಎಂಬ ಐವರನ್ನು ನಾವು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಇವರಲ್ಲಿ ಒಬ್ಬೊಬ್ಬರ ಕೆಲಸ ಒಂದೊಂದು.

ಎಲ್ಲ ಅಲೆಗಳಿಗೂ ಒಂದೇ ಬಾಗಿಲು

ಈಗ ಪಾಠದ ತಿರುಳಿಗೆ ಬಂದೆವು. ಒಂದೇ ಸುರುಳಿ ಕಂಡೆನ್ಸರುಗಳ ಜೋಡಿಯಿಂದ ಆಯ್ಕೆ ಪೂರ್ತಿಯಾಗದು. ಪಕ್ಕದ ನಿಲ್ದಾಣವೂ ಇಣುಕುತ್ತದೆ. 1978ರಿಂದ ನಮ್ಮ ಭೂಭಾಗದಲ್ಲಿ ಮಧ್ಯಮ ಅಲೆಯ ನಿಲ್ದಾಣಗಳ ಸ್ಥಾನಗಳಿಗೆ 9 ಕಿಲೋಹರ್ಟ್ಸಿನ ಅಂತರವನ್ನು ಗೊತ್ತುಮಾಡಲಾಗಿದೆ. ಇಷ್ಟು ಕಿರಿದಾದ ಸಂದಿನಲ್ಲಿ ಬೇರ್ಪಡಿಸಬೇಕಾದರೆ ನಾಲ್ಕಾರು ಜೋಡಿಗಳು ಸಾಲಾಗಿ ಬೇಕು. ಆದರೆ ಗುಂಡಿ ತಿರುಗಿಸಿದಂತೆಲ್ಲ ಅವೆಲ್ಲವೂ ಒಂದೇ ಹೆಜ್ಜೆಯಲ್ಲಿ ಬದಲಾಗಬೇಕೆಂದರೆ ಅದು ಬಹು ಕಷ್ಟದ ಮಾತು.

1918ರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಇಂಜಿನಿಯರನು ಈ ತೊಡಕನ್ನು ತಿರುವುಮುರುವು ಮಾಡಿ ಬಿಡಿಸಿದನು. ನಿಲ್ದಾಣಕ್ಕೆ ತಕ್ಕಂತೆ ಜೋಡಿಗಳನ್ನೆಲ್ಲ ಬದಲಿಸುವ ಬದಲು, ಯಾವ ನಿಲ್ದಾಣವೇ ಬರಲಿ, ಅದನ್ನು ಒಂದೇ ಗೊತ್ತಾದ ಕಂಪನ ಸಂಖ್ಯೆಗೆ ತಿರುಗಿಸಿದರಾಯಿತು. ಅಲ್ಲಿ ಕದಲದ ಜೋಡಿಗಳನ್ನು ಎಷ್ಟು ಬೇಕಾದರೂ ಬಿಗಿಯಾಗಿ ಹೊಂದಿಸಿಡಬಹುದು. ಈ ರಚನೆಗೆ ಸೂಪರ್‌ಹೆಟರೊಡೈನ್ ಎಂದು ಹೆಸರು. ಅಂಗಡಿಯವರ ಬಾಯಲ್ಲಿ ಸೂಪರ್‌ಹೆಟ್. ಆ ಗೊತ್ತಾದ ಸಂಖ್ಯೆ ಹೆಚ್ಚಿನ ಯಂತ್ರಗಳಲ್ಲಿ 455 ಕಿಲೋಹರ್ಟ್ಸ್ ಅಥವಾ ಅದರ ಆಸುಪಾಸು. ಇದನ್ನು ಮಧ್ಯಸ್ಥ ಕಂಪನ ಸಂಖ್ಯೆಯೆನ್ನೋಣ.

ತಿರುಗಿಸುವ ಬಗೆ ಹೇಗೆ? ಮೊದಲನೆಯ ವಾಲ್ವು, ಇ.ಸಿ.ಎಚ್. 81, ಒಂದೇ ಗಾಜಿನೊಳಗೆ ಎರಡು ವಾಲ್ವುಗಳನ್ನು ಅಡಗಿಸಿಕೊಂಡಿದೆ. ಅದರ ಒಂದು ಭಾಗವು ಯಂತ್ರದೊಳಗೇ ಒಂದು ಹೊಸ ಕಂಪನವನ್ನು ಹುಟ್ಟಿಸುತ್ತದೆ. ಇನ್ನೊಂದು ಭಾಗವು ನಿಲ್ದಾಣದ ಅಲೆಯನ್ನೂ ಈ ಮನೆಯ ಕಂಪನವನ್ನೂ ಬೆರೆಸುತ್ತದೆ. ಎರಡು ಕಂಪನಗಳನ್ನು ಹೀಗೆ ವಾಲ್ವಿನಲ್ಲಿ ಬೆರೆಸಿದಾಗ ಅವುಗಳ ಮೊತ್ತವೂ ವ್ಯತ್ಯಾಸವೂ ಹೊಸದಾಗಿ ಹುಟ್ಟುತ್ತವೆ. ಧಾರವಾಡದ 765ಕ್ಕೆ ಗುಂಡಿಯನ್ನು ಇಟ್ಟಾಗ ಮನೆಯ ಕಂಪನ 1220 ಆಗುವಂತೆ ಏರ್ಪಾಡಿದೆ. ಇವೆರಡರ ವ್ಯತ್ಯಾಸ 1220ರಲ್ಲಿ 765 ಕಳೆದರೆ 455. ಅಲೆಯ ಪಾರದಲ್ಲಿ ಅಚ್ಚೊತ್ತಿದ್ದ ಮಾತು ಹಾಗೆಯೇ ಈ ಹೊಸ ಅಲೆಗೆ ವರ್ಗವಾಗುತ್ತದೆ. ಪ್ರಯಾಣಿಕನು ನಡುಹೊಳೆಯಲ್ಲಿ ಒಂದು ದೋಣಿಯಿಂದ ಇನ್ನೊಂದಕ್ಕೆ ಕಾಲು ನೆನೆಯದಂತೆ ದಾಟಿದನೆನ್ನಬಹುದು.

ಅದೇ ಹೊತ್ತಿನಲ್ಲಿ 1044 ಕಿಲೋಹರ್ಟ್ಸಿನ ಬಲವಾದ ನಿಲ್ದಾಣವೊಂದು ನುಗ್ಗಿ ಬಂದರೂ 1220ರೊಡನೆ ಅದು ಕೊಡುವ ವ್ಯತ್ಯಾಸ 176. ಮುಂದಿನ ಬಾಗಿಲು 455ಕ್ಕೆ ಮಾತ್ರ ತೆರೆಯುವುದರಿಂದ ಅದು ಹೊರಗೇ ಉಳಿಯುತ್ತದೆ. ಆ ನಿಲ್ದಾಣವೇ ಬೇಕಾದಾಗ ಗುಂಡಿ ತಿರುಗಿಸುತ್ತೇವೆ. ಮನೆಯ ಕಂಪನ 1499 ಆಗುತ್ತದೆ. ವ್ಯತ್ಯಾಸ ಮತ್ತೆ 455. ಬಲವನ್ನು ನೋಡಿ ಒಳಗೆ ಬಿಡುವ ಬಾಗಿಲು ಇದಲ್ಲ, ಲೆಕ್ಕವನ್ನು ನೋಡಿ ಬಿಡುವ ಬಾಗಿಲು.

ಒಂದು ಸಂದೇಹ ಉಳಿಯಿತು. 1675 ಕಿಲೋಹರ್ಟ್ಸಿನ ಅಲೆಯೊಂದು ಬಂದರೆ? 1675ರಲ್ಲಿ 1220 ಕಳೆದರೂ 455ೇ ಉಳಿಯುವುದಲ್ಲವೆ? ನಿಜ. ಇದನ್ನು ತಡೆಯಲೆಂದೇ ಬೆರೆಸುವುದಕ್ಕೆ ಮೊದಲು 765ಕ್ಕೆ ಹೊಂದಿಸಿದ ಒಂದು ಜೋಡಿಯನ್ನು ಕಾವಲಿಗೆ ನಿಲ್ಲಿಸಿರುತ್ತಾರೆ. ಗುಂಡಿಯ ಒಂದೇ ಅಚ್ಚಿಗೆ ಎರಡು ಕಂಡೆನ್ಸರುಗಳನ್ನು ಜೋಡಿಸಿರುವುದು ಈ ಕಾರಣಕ್ಕಾಗಿ: ಒಂದು ಕಾವಲಿನ ಜೋಡಿಗೆ, ಇನ್ನೊಂದು ಮನೆಯ ಕಂಪನಕ್ಕೆ. ಇದನ್ನೇ ಗ್ಯಾಂಗ್ ಕಂಡೆನ್ಸರ್ ಎನ್ನುತ್ತಾರೆ.

ಎರಡನೆಯ ವಾಲ್ವು, ಇ.ಎಫ್. 89, ಈ 455ರ ಅಲೆಯನ್ನು ಹಿಗ್ಗಿಸುತ್ತದೆ. ಅದರ ಹಿಂದೆ ಮುಂದೆ ಅಲ್ಯೂಮಿನಿಯಂ ಡಬ್ಬಿಗಳಲ್ಲಿ ಎರಡೆರಡು ಜೋಡಿಗಳು, ಒಟ್ಟು ನಾಲ್ಕು, ಇರುತ್ತವೆ. ಯಂತ್ರದ ಆಯ್ಕೆಯ ಶಕ್ತಿಯ ಬಹುಪಾಲು ಈ ಎರಡು ಡಬ್ಬಿಗಳಲ್ಲಿಯೇ ಅಡಗಿದೆ.

ಮಾತನ್ನು ಬಿಡಿಸುವುದು

ಮೂರನೆಯ ವಾಲ್ವು, ಇ.ಬಿ.ಸಿ. 81, ಮೂರು ಕೆಲಸಗಳನ್ನು ಮಾಡುತ್ತದೆ. ಅದರೊಳಗಿನ ಪುಟ್ಟ ಎರಡಂಗದ ಭಾಗವು ಹರಳಿನಂತೆಯೇ ಅಲೆಯ ಅರ್ಧವನ್ನು ಕತ್ತರಿಸಿ ಮಾತನ್ನು ಬಿಡಿಸುತ್ತದೆ. ಬಿಡಿಸಿದ ಮಾತನ್ನು ಮೂರಂಗದ ಭಾಗವು ಹಿಗ್ಗಿಸುತ್ತದೆ. ಮೂರನೆಯ ಕೆಲಸ ಬಹು ಚಮತ್ಕಾರದ್ದು. ಅಲೆಯು ಬಲವಾಗಿದ್ದಷ್ಟೂ ಅದರಿಂದ ಹೆಚ್ಚಿನ ಋಣ ಒತ್ತಡವೊಂದು ದೊರೆಯುತ್ತದೆ. ಅದನ್ನು ಹಿಂದಕ್ಕೆ ಒಯ್ದು ಮೊದಲೆರಡು ವಾಲ್ವುಗಳ ಜಾಲರಿಗೆ ಕೊಡುತ್ತಾರೆ. ಆಗ ಬಲವಾದ ನಿಲ್ದಾಣ ಬಂದರೆ ತೂಬು ತಾನಾಗಿಯೇ ಇಳಿಯುತ್ತದೆ. ಕ್ಷೀಣವಾದುದು ಬಂದರೆ ಏರುತ್ತದೆ. ರಾತ್ರಿ ದೂರದ ನಿಲ್ದಾಣದ ದನಿ ಅಲೆಅಲೆಯಾಗಿ ಏರಿ ಇಳಿದಾಗ ಅದನ್ನು ಆದಷ್ಟೂ ಹದದಲ್ಲಿಡುವುದು ಈ ಏರ್ಪಾಡು. ಕೆಲವು ಯಂತ್ರಗಳ ಮುಖದಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಮಾಯಾಕಣ್ಣು ಇದೇ ಒತ್ತಡದಿಂದ ತೆರೆದು ಮುಚ್ಚುತ್ತಿತ್ತು. ನಿಲ್ದಾಣಕ್ಕೆ ಮುಳ್ಳು ಸರಿಯಾಗಿ ಬಂದಿತೆಂಬುದನ್ನು ಅದು ಕಣ್ಣಿಗೆ ತೋರಿಸುತ್ತಿತ್ತು.

ನಾಲ್ಕನೆಯದು ಇ.ಎಲ್. 84. ಸ್ಪೀಕರಿನ ಕಾಗದದ ಶಂಕುವನ್ನು ನೂಕಲು ಬೇಕಾದ ಕೆಲವು ವಾಟ್ ಶಕ್ತಿಯನ್ನು ಇದು ಒದಗಿಸುತ್ತದೆ. ವಾಲ್ವಿಗೆ ಕೆಲವು ಸಾವಿರ ಓಮ್ ಭಾರ ಬೇಕು, ಸ್ಪೀಕರಿನ ಸುರುಳಿಯದು ನಾಲ್ಕೈದು ಓಮ್ ಮಾತ್ರ. ಈ ಅಂತರವನ್ನು ತುಂಬಲು ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. 5000ಕ್ಕೂ 5ಕ್ಕೂ ಹೊಂದಿಸಬೇಕಾದರೆ ಸುತ್ತುಗಳ ಪ್ರಮಾಣ 1000ದ ವರ್ಗಮೂಲ, ಅಂದರೆ ಸುಮಾರು 32ಕ್ಕೆ 1 ಆಗಿರಬೇಕು. ಗಣಿತದ ತರಗತಿಯಲ್ಲಿ ವರ್ಗಮೂಲವು ಯಾವ ಉಪಯೋಗಕ್ಕೆಂದು ಕೇಳುವವರಿಗೆ ಈ ಪಾಠದಲ್ಲಿ ಎರಡು ಉತ್ತರಗಳು ದೊರೆತವು.

ವಿದ್ಯುತ್ತಿನ ಪೂರೈಕೆ ಮತ್ತು ಒಂದು ಎಚ್ಚರಿಕೆ

ಐದನೆಯ ವಾಲ್ವು, ಇ.ಜಡ್. 80, ಮಾತಿನ ಗೋಜಿಗೆ ಹೋಗುವುದಿಲ್ಲ. ಗೋಡೆಯಿಂದ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತ ಇತ್ತ ಹರಿಯುವಂತಹುದು. ಅದನ್ನು ಒಂದೇ ದಿಕ್ಕಿಗೆ ತಿರುಗಿಸುವುದು ಇದರ ಕೆಲಸ. ಹಾಗೆ ತಿರುಗಿಸಿದಾಗ ಸೆಕೆಂಡಿಗೆ 100 ಉಬ್ಬುಗಳು ಉಳಿಯುತ್ತವೆ. ದೊಡ್ಡ ಕಂಡೆನ್ಸರುಗಳು ಕೊಳದಂತೆ ವಿದ್ಯುತ್ತನ್ನು ತುಂಬಿಟ್ಟುಕೊಂಡು ಆ ಉಬ್ಬುಗಳನ್ನು ಸಮಮಾಡುತ್ತವೆ. ಹಳೆಯದಾಗಿ ಅವು ಒಣಗಿದರೆ ಸ್ಪೀಕರಿನಲ್ಲಿ ದುಂಬಿಯಂತಹ ಮೊರೆತ ಕೇಳಿಸುತ್ತದೆ.

ಇಲ್ಲಿ ನಾವು ಗಂಭೀರವಾಗಿ ಒಂದು ಮಾತು ಹೇಳಬೇಕಾಗಿದೆ. ಯಂತ್ರದೊಳಗಿನ 250 ವೋಲ್ಟು ಪ್ರಾಣವನ್ನೇ ತೆಗೆಯಬಲ್ಲದು. ಪ್ಲಗ್ಗನ್ನು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಹಿಂದೆ ಕೆಲವು ನಗರಗಳ ಕೆಲವು ಭಾಗಗಳಲ್ಲಿ ಏಕಮುಖ ವಿದ್ಯುತ್ತಿನ ಸರಬರಾಜು ಇದ್ದುದರಿಂದ, ಎರಡು ಬಗೆಯ ವಿದ್ಯುತ್ತಿಗೂ ಒಗ್ಗುವಂತೆ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇಲ್ಲದ ಯಂತ್ರಗಳನ್ನೂ ತಯಾರಿಸುತ್ತಿದ್ದರು. ಅಂತಹವುಗಳ ಒಳಗಿನ ಲೋಹದ ಚೌಕಟ್ಟೇ ನೇರವಾಗಿ ಗೋಡೆಯ ವಿದ್ಯುತ್ತಿಗೆ ಸೇರಿರುತ್ತದೆ. ಅದನ್ನು ಮುಟ್ಟಿದವನು ವಿದ್ಯುತ್ ತಂತಿಯನ್ನೇ ಮುಟ್ಟಿದಂತೆ. ಮೇಲಾಗಿ ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ರೇಡಿಯೋವನ್ನು ಹಾಗೆಯೇ ಪ್ಲಗ್ಗಿಗೆ ಹಾಕಿದರೆ ಹಾಳಾದ ಕಂಡೆನ್ಸರು ಸಿಡಿಯಬಹುದು, ಟ್ರಾನ್ಸ್‌ಫಾರ್ಮರು ಸುಡಬಹುದು. ಆದುದರಿಂದ ಯಾರೂ ಹಿಂಬದಿಯ ಹಲಗೆಯನ್ನು ತಾವಾಗಿ ಬಿಚ್ಚಲಾಗದು. ಬಲ್ಲ ಮೆಕ್ಯಾನಿಕರು ಬಿಚ್ಚಿದಾಗ ಕೈಕಟ್ಟಿಕೊಂಡು ನೋಡಿರಿ; ನೋಡುವುದರಲ್ಲಿಯೇ ಬೇಕಾದಷ್ಟು ಕಲಿಕೆಯುಂಟು.

ರಾತ್ರಿಯೇ ಏಕೆ?

ಧಾರವಾಡವನ್ನು ಮುಂಬಯಿಯಲ್ಲಿ ರಾತ್ರಿ ಹುಡುಕುತ್ತಿದ್ದರೆಂದೆವು. ಹಗಲು ಏಕೆ ಹುಡುಕುತ್ತಿರಲಿಲ್ಲ? ಭೂಮಿಯ ಮೇಲೆ ಬಹು ಎತ್ತರದಲ್ಲಿ, ಸೂರ್ಯನ ಕಿರಣಗಳಿಂದ ವಿದ್ಯುದಂಶಗೊಂಡ ಗಾಳಿಯ ಪದರಗಳಿವೆ. ಕೆನೆಲಿ ಮತ್ತು ಹೆವಿಸೈಡ್ ಎಂಬವರು 1902ರಲ್ಲಿ ಇವನ್ನು ಊಹಿಸಿದರು. 1924ರಲ್ಲಿ ಆಪಲ್ಟನ್ ಪ್ರಯೋಗದಿಂದ ಸ್ಥಾಪಿಸಿದನು. ನಮ್ಮ ದೇಶದ ಶಿಶಿರ್ ಕುಮಾರ್ ಮಿತ್ರರು ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿ 1947ರಲ್ಲಿ ಪ್ರಕಟಿಸಿದ ಗ್ರಂಥ ಜಗತ್ತಿನ ಮನ್ನಣೆ ಪಡೆಯಿತು. ಹಗಲಿನಲ್ಲಿ ಎಲ್ಲಕ್ಕೂ ಕೆಳಗಿನ ಪದರವು ಮಧ್ಯಮ ಅಲೆಗಳನ್ನು ಹೀರಿಬಿಡುತ್ತದೆ. ಆಗ ನೆಲವನ್ನು ಹಿಡಿದು ಹರಿಯುವ ಅಲೆ ಮಾತ್ರ ಉಳಿದು, ದೂರ ಹೋದಂತೆ ಕ್ಷೀಣಿಸುತ್ತದೆ. ಸೂರ್ಯಾಸ್ತದ ಮೇಲೆ ಆ ಪದರವು ಕರಗಿಹೋಗುತ್ತದೆ. ಆಗ ಅಲೆಗಳು ಮೇಲಿನ ಪದರಗಳನ್ನು ಮುಟ್ಟಿ, ಗೋಡೆಗೆ ಹೊಡೆದ ಚೆಂಡಿನಂತೆ ಮರಳಿ ದೂರದ ನೆಲಕ್ಕೆ ಬೀಳುತ್ತವೆ.

ಈ ಪ್ರಯಾಣಕ್ಕೆ ಹಿಡಿಯುವ ಕಾಲವೆಷ್ಟು? 460 ಕಿಲೋಮೀಟರನ್ನು ನೇರವಾಗಿ ದಾಟಲು ಅಲೆಗೆ ಒಂದು ಸೆಕೆಂಡಿನ ಸಾವಿರದ ಒಂದೂವರೆ ಪಾಲು ಸಾಕು. ಮೇಲೇರಿ ಇಳಿದರೂ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಗಾಳಿಯಲ್ಲಿ ಹೋಗುವ ಶಬ್ದವಾದರೋ ಅಷ್ಟು ಹೊತ್ತಿನಲ್ಲಿ ಅರ್ಧ ಮೀಟರು ಮಾತ್ರ ಸಾಗೀತು. ಎಂದಮೇಲೆ ಧಾರವಾಡದ ಸ್ಟುಡಿಯೋದಲ್ಲಿ ಗಾಯಕರಿಂದ ಹತ್ತು ಮಾರು ದೂರ ಕುಳಿತವನಿಗಿಂತ ಮುಂಚೆಯೇ, ಮುಂಬಯಿಯಲ್ಲಿ ರೇಡಿಯೋದ ಪಕ್ಕದಲ್ಲಿ ಕುಳಿತವನಿಗೆ ಆ ಹಾಡು ಕೇಳಿಸುತ್ತಿತ್ತು! ಇದು ಉತ್ಪ್ರೇಕ್ಷೆಯಲ್ಲ, ಲೆಕ್ಕ ಹಾಕಿ ನೋಡಿರಿ.

ಕನ್ನಡದ ದನಿ ಬಾನಿಗೇರಿದ ಬಗೆ

ನಮ್ಮ ಮುಂಬಯಿಯಲ್ಲಿ 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯ ನಿಲ್ದಾಣ ಆರಂಭವಾಯಿತು. ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಒಬ್ಬ ಅಧ್ಯಾಪಕರು. ಮೈಸೂರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಚಿಕ್ಕ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಮುಂದೆ ರಾಷ್ಟ್ರಕ್ಕೆಲ್ಲ ಒಪ್ಪಿಗೆಯಾದ 'ಆಕಾಶವಾಣಿ' ಎಂಬ ಹೆಸರು ಮೈಸೂರಿನ ಆ ನಿಲ್ದಾಣಕ್ಕೆ ಸಂದದ್ದು. 1950ರ ಜನವರಿ 8ರಂದು ಧಾರವಾಡದ ನಿಲ್ದಾಣವೂ, 1955ರಲ್ಲಿ ಬೆಂಗಳೂರಿನ ನಿಲ್ದಾಣವೂ ಆರಂಭವಾದವು. ಇಂದು ಕನ್ನಡದ ದನಿ ಕೈಯೊಳಗಿನ ಮೊಬೈಲಿನಲ್ಲಿ ಹಗಲು ರಾತ್ರಿಯೆನ್ನದೆ ದೊರೆಯುತ್ತದೆ. ಆದರೂ ಆ ಮೊಬೈಲಿನೊಳಗೂ ಅನುರಣನವುಂಟು, ಕಂಪನಗಳನ್ನು ಬೆರೆಸಿ ಬೇರೊಂದು ಕಂಪನಕ್ಕೆ ತಿರುಗಿಸುವ ಉಪಾಯವುಂಟು. ಹಳೆಯ ಪೆಟ್ಟಿಗೆಯನ್ನು ತಿಳಿದವನು ಹೊಸದರ ಅರ್ಧವನ್ನು ತಿಳಿದಂತೆಯೇ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕ್ಷೀಣವಾದ ದನಿಯು ಬಲದಿಂದ ಗೆಲ್ಲಲಿಲ್ಲ. ಅದರ ಲಯವನ್ನು ಬಲ್ಲ ಯಂತ್ರವೊಂದು ಅದಕ್ಕಾಗಿ ಕಾದಿತ್ತು. ಮೊದಲು ಆರಿಸಿ, ಆಮೇಲೆ ಹಿಗ್ಗಿಸಿತು. ಆರಿಸದೆ ಹಿಗ್ಗಿಸಿದ್ದರೆ ಗದ್ದಲವಷ್ಟೇ ದೊಡ್ಡದಾಗುತ್ತಿತ್ತು. ಈ ನಗರದ ಹಲವು ನುಡಿಗಳ ನಡುವೆ ಕಲಿಯುವ ನೀವು ಈ ಕ್ರಮವನ್ನು ಯಂತ್ರದಿಂದಲೂ ಕಲಿಯಬಹುದು.

ನೀವೇ ಮಾಡಿ ನೋಡಲು

ಸಮೀಪದಲ್ಲಿ ಮಧ್ಯಮ ಅಲೆಯ ನಿಲ್ದಾಣವೊಂದು ಪ್ರಸಾರ ನಡೆಸುತ್ತಿದ್ದರೆ ಹರಳಿನ ರೇಡಿಯೋವನ್ನು ನೀವೇ ಮಾಡಬಹುದು. 5 ಸೆಂಟಿಮೀಟರ್ ಅಡ್ಡಳತೆಯ ರಟ್ಟಿನ ಕೊಳವೆಗೆ ಎನಾಮಲ್ ಲೇಪಿಸಿದ ತಾಮ್ರದ ತಂತಿಯನ್ನು 70 ಸುತ್ತು ಒತ್ತಾಗಿ ಸುತ್ತಿರಿ; ನೆಲದ ಕಡೆಯ ತುದಿಯಿಂದ 15ನೆಯ ಸುತ್ತಿನಲ್ಲಿ ಏರಿಯಲ್ಲನ್ನು ಸೇರಿಸಲು ಒಂದು ಕುಡಿಯನ್ನು ಹೊರತೆಗೆಯಿರಿ. ಸುರುಳಿಯ ಎರಡು ತುದಿಗಳಿಗೆ 500 ಪಿಕೋಫ್ಯಾರಡಿನ ತಿರುಗುವ ಕಂಡೆನ್ಸರನ್ನು ಜೋಡಿಸಿರಿ. ಹರಳಿಗೆ ಬದಲಾಗಿ ಜರ್ಮೇನಿಯಂ ಡಯೋಡನ್ನೂ, ಹೆಚ್ಚಿನ ಓಮ್‌ಗಳ ಶ್ರವಣಯಂತ್ರವನ್ನೂ ಸೇರಿಸಿರಿ. ಏರಿಯಲ್ ತಂತಿ ವಿದ್ಯುತ್ ತಂತಿಗಳ ಹತ್ತಿರ ಹೋಗಕೂಡದು. ಮಳೆ ಗುಡುಗಿನ ದಿನ ಅದನ್ನು ಮುಟ್ಟಕೂಡದು. ಈ ಯಂತ್ರಕ್ಕೆ ಗೋಡೆಯ ವಿದ್ಯುತ್ತನ್ನು ಎಂದಿಗೂ ಕೊಡಕೂಡದು.

ಅಭ್ಯಾಸಕ್ಕೆ ಪ್ರಶ್ನೆಗಳು

1. 612 ಕಿಲೋಹರ್ಟ್ಸಿನ ನಿಲ್ದಾಣದ ಅಲೆಯ ಉದ್ದವೆಷ್ಟು? ಅದನ್ನು ಹಿಡಿಯುವಾಗ ಯಂತ್ರದ ಮನೆಯ ಕಂಪನ ಎಷ್ಟಿರಬೇಕು?

2. ಕಂಡೆನ್ಸರಿನ ಧಾರಣೆಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಕಂಪನ ಸಂಖ್ಯೆ ಏನಾಗುವುದು?

3. ಹರಳು, ಡಯೋಡ್, ಇ.ಬಿ.ಸಿ. 81ರ ಪುಟ್ಟ ಭಾಗ ಈ ಮೂರೂ ಮಾಡುವ ಸಮಾನವಾದ ಕೆಲಸ ಯಾವುದು?

4. ಆಯ್ಕೆಯ ಬಹುಪಾಲನ್ನು 455 ಕಿಲೋಹರ್ಟ್ಸಿನಲ್ಲಿ ಮಾಡುವುದರಿಂದ ಆಗುವ ಅನುಕೂಲವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.